ಏರಿನಲ್ಲಿ ಸೋಲುತ್ತಿದ್ದ ಗಾಡಿ

ಹೈದರಾಬಾದಿನ ಪಶ್ಚಿಮಕ್ಕೆ ಬಂಡೆಗಳನ್ನು ಒಡೆದು ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ. ಅಲ್ಲಿನ ನೌಕರರನ್ನು ಕರೆದೊಯ್ಯುವ ಟ್ರಾವೆಲ್ಸ್ ಒಂದರಲ್ಲಿ ನನ್ನ ಗಂಡ ಡೀಸೆಲ್ ಗಾಡಿ ಓಡಿಸುತ್ತಿದ್ದರು. ಕಾಚಿಗೂಡದ ಎರಡು ಕೋಣೆಯ ಮನೆಯಲ್ಲಿ ನಾನು, ಅವರು, ಅತ್ತೆ ಇದ್ದೆವು. ಹಿಂದಿನ ವರ್ಷ ಗಂಡ ಮೆಟ್ಟಿಲಿನಿಂದ ಬಿದ್ದು ಬಲಪಾದ ಮುರಿದುಕೊಂಡಿದ್ದರು. ಮೂಳೆ ಕೂಡಿತ್ತು. ಧೈರ್ಯ ಮಾತ್ರ ಇನ್ನೂ ಕುಂಟುತ್ತಿತ್ತು.

ಆ ಬೇಸಿಗೆಯಲ್ಲಿ ಗಾಡಿ ಏರಿನಲ್ಲಿ ಸೋಲತೊಡಗಿತು. ಮಂದಿ ತುಂಬಿಕೊಂಡು ಅರ್ಧ ಏರು ಹತ್ತುವಷ್ಟರಲ್ಲಿ ಎಳೆತವೇ ಸಾಲುತ್ತಿರಲಿಲ್ಲ. ವರ್ಕ್‌ಶಾಪಿಗೆ ಒಯ್ದರೆ, ಸರದಿಯಲ್ಲಿ ನಿಂತು ಇಂಜಿನ್ ತಣ್ಣಗಾದ ಮೇಲೆ ಸ್ಕ್ಯಾನರ್ ಜೋಡಿಸಿ, ದೋಷವೇನೂ ಇಲ್ಲ ಎಂದು ಕಳಿಸುತ್ತಿದ್ದರು. ಮೂರು ಸಲ ಹೀಗಾಯಿತು. ಮೂರನೆಯ ಸಲ ಟ್ರಾವೆಲ್ಸಿನ ಸೂಪರ್‌ವೈಸರು, ಮಷಿನ್ ಸುಳ್ಳು ಹೇಳುವುದಿಲ್ಲ, ನಿನ್ನ ಕಾಲೇ ಸರಿಯಾಗಿಲ್ಲ, ಎಕ್ಸಿಲರೇಟರ್ ಪೂರ್ತಿ ಒತ್ತುತ್ತಿಲ್ಲ ಎಂದುಬಿಟ್ಟರು.

ಮನೆಗೆ ಬಂದ ಗಂಡ ಗೋಡೆಗೆ ಒರಗಿ ಕೂತರು.

"ನನಗ ತಿಳೀವಲ್ದು. ಒತ್ತಾಕತ್ತೀನಿ ಅಂತ ಅನಸ್ತೈತಿ. ಖರೇನ ಒತ್ತಾಕತ್ತೀನೋ ಇಲ್ಲೋ?"

ಅವರ ಪಾದದ ಕೆಳಗೆ ನನ್ನ ಅಂಗೈ ಇಟ್ಟೆ. "ಒತ್ರಿ, ನೋಡೂಣು."

ಒತ್ತಿದರು. ನನ್ನ ಬೆರಳು ನೋಯುವಷ್ಟು.

"ಕಾಲು ಭಾಳ ಗಟ್ಟಿ ಐತ್ರಿ. ತಪ್ಪು ಗಾಡೀದೇ," ಎಂದೆ.

ರವಿವಾರ ಅದೇ ಗಾಡಿಯಲ್ಲಿ ಮೂವರೂ ನಗರದಂಚಿನ ಜೀಡಿಮೆಟ್ಲಾಕ್ಕೆ ಹೋದೆವು. ಅಲ್ಲಿ ನಮ್ಮ ಬೀದರ ಕಡೆಯ ಒಬ್ಬ ಹಳೆಯ ಮೆಕ್ಯಾನಿಕ್ ಇದ್ದರು, ಎಲ್ಲರೂ ಉಸ್ತಾದ ಎನ್ನುತ್ತಿದ್ದರು. ಗಂಡನ ಮಾತನ್ನು ಪೂರ್ತಿ ಕೇಳಿ, "ಖಾಲಿ ಗಾಡಿ ನಿಂದರಿಸಿ ನೋಡಿದ್ರ ಏನೂ ಸಿಗೂದಿಲ್ಲ. ಭಾರ ಹಾಕ್ರಿ," ಎಂದರು. ಅತ್ತೆ, ನಾನು ಹಿಂದೆ ಕೂತೆವು. ಮರಳಿನ ನಾಲ್ಕು ಚೀಲಗಳನ್ನೂ ನಮ್ಮ ಕಾಲಬಳಿ ಇಟ್ಟರು. ಉಸ್ತಾದ ಮುಂದೆ ಕೂತರು.

ಎರಡು ಸಲ ಏರು ಹತ್ತಿ ಇಳಿದೆವು. ಮೂರನೆಯ ಸಲ ಗಾಡಿ ತೇಕಿತು. ಉಸ್ತಾದ ಬಗ್ಗಿ ನನ್ನ ಗಂಡನ ಪಾದ ನೋಡಿದರು.

"ಕಾಲು ಪೂರಾ ನೆಲಕ್ಕ ಹತ್ತೈತಿ. ನಿನ್ನ ತಪ್ಪಿಲ್ಲಪ್ಪಾ."

ಕನ್ನಡಿಯಲ್ಲಿ ಗಂಡ ನನ್ನನ್ನು ನೋಡಿದರು. ಕಣ್ಣು ತುಂಬಿದ್ದವು.

ತಣ್ಣಗಾಗಲು ಬಿಡದೆ ಅಲ್ಲೇ ಬಾನೆಟ್ ತೆಗೆಸಿ, ಸಣ್ಣ ರಬ್ಬರ್ ಪೈಪುಗಳ ನಡುವಿನ ಹೆಬ್ಬೆರಳುದ್ದದ ವಾಲ್ವ್ ಒಂದನ್ನು ಉಸ್ತಾದ ತೋರಿಸಿದರು.

"ಟರ್ಬೋ ಇಂಜಿನ್ನಿಗೆ ತುಂಬೂ ಗಾಳಿ ಜೋರು ಹೆಚ್ಚು ಕಡಿಮಿ ಮಾಡೂದು ಇದ. ಸ್ಕ್ಯಾನರ್ ಇದಕ್ಕ ಕರೆಂಟ್ ಬರಾಕತ್ತೈತೇನು ಅಂತ ನೋಡತೈತಿ. ಬರತೈತಿ, ಹಂಗಾಗಿ ಸುಮ್ಮನ ಆಗತೈತಿ. ಕಾದಾಗ ಒಳಗ ಸಿಕ್ಕಿಬಿದ್ದಿದ್ದು ಅದಕ್ಕ ಹ್ಯಾಂಗ ತಿಳೀಬೇಕು? ಜೋರು ಸ್ವಲ್ಪ ಕಡಿಮಿ ಆದ್ರ ಅದನ್ನ ತಪ್ಪು ಅಂತ ಬರಕೊಳ್ಳೂದೂ ಇಲ್ಲ. ತಣ್ಣಗ ಆಗೂದ್ರಾಗ ವಾಲ್ವ್ ಮತ್ತ ಆಡತೈತಿ."

ತಮ್ಮ ಬಳಿಯಿದ್ದ ಒಳ್ಳೆಯ ವಾಲ್ವ್ ಹಾಕಿದರು. ಈ ಸಲ ಗಾಡಿ ಏರು ಹತ್ತಿದ ರಭಸಕ್ಕೆ ಅತ್ತೆ ನನ್ನ ಕೈ ಗಟ್ಟಿ ಹಿಡಿದು, "ಸಾವಕಾಶ ನಡಸೋ, ಹುಚ್ಚಾ!" ಎಂದು ಮಗನನ್ನು ಬೈದರು. ಗಂಡ ನಕ್ಕುಬಿಟ್ಟರು. ಬಿದ್ದ ದಿನದಿಂದ ಆ ನಗುವನ್ನು ನಾನು ಕೇಳಿರಲಿಲ್ಲ.

ಸೋಮವಾರ ಹಳೆಯ ವಾಲ್ವನ್ನು ಅವರೇ ಸೂಪರ್‌ವೈಸರರ ಮೇಜಿನ ಮೇಲಿಟ್ಟು, ಉಸ್ತಾದ ಹೇಳಿದ್ದನ್ನೆಲ್ಲ ಹೇಳಿದರು. ಸೂಪರ್‌ವೈಸರು ಅದನ್ನು ತಿರುಗಿಸಿ ನೋಡಿ, ಎದ್ದು ನಿಂತು, "ಮಾಫ್ ಕರೋ ಭಾಯ್," ಎಂದು ಕ್ಷಮೆ ಕೇಳಿದರಂತೆ. ಆಮೇಲೆ ಬೇರೆ ಡ್ರೈವರುಗಳ ಗಾಡಿ ಏರಿನಲ್ಲಿ ಸೋತರೆ, ಬೈಯುವ ಮೊದಲು, ಭಾರ ಹಾಕಿ ಏರಿನಲ್ಲಿ ನೋಡಿ ಬರಲು ನನ್ನ ಗಂಡನನ್ನು ಜೊತೆಗೆ ಕಳಿಸುತ್ತಿದ್ದರು.