ಶತ್ರುವಿಗೆ ಕೊಟ್ಟ ಇಂಜೆಕ್ಷನ್

ಕಳೆದ ವಾರ ಹೆಂಡತಿಯ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಲು ಮಧುಗಿರಿಯ ನರ್ಸಿಂಗ್ ಹೋಮೊಂದಕ್ಕೆ ಹೋಗಿದ್ದೆ. ಯಾರೋ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದರು. ಆ ವಾಸನೆ ಮೂಗಿಗೆ ಬಡಿದ ಹೊತ್ತಿಗೇ ಗೋಡೆಯ ಮೇಲಿನ ಟಿವಿಯಲ್ಲಿ ಯಾವುದೋ ದೂರದ ದೇಶದ ಆಸ್ಪತ್ರೆಯೊಂದು ಬಾಂಬಿಗೆ ಕುಸಿದದ್ದನ್ನು ತೋರಿಸುತ್ತಿದ್ದರು. ಕೋಟು ತೊಟ್ಟವನೊಬ್ಬ ತಣ್ಣಗೆ, "ಯುದ್ಧದಲ್ಲಿ ಇದೆಲ್ಲ ಅನಿವಾರ್ಯ, ಸೇನೆಗೆ ಅದರ ಅಗತ್ಯವಿತ್ತು" ಎಂದ. ಬೆಂಚಿನ ಮೇಲೆ ಕೂತಿದ್ದವರು ಹೌದೆಂದು ತಲೆಯಾಡಿಸಿದರು. ನನಗೆ ಮೈ ಉರಿಯಿತು. ಆ ವಾಸನೆ, ಆ 'ಅಗತ್ಯ' ಎಂಬ ಮಾತು... ಎರಡೂ ಸೇರಿ ನಮ್ಮ ಎದುರುಮನೆಯ ನರ್ಸಮ್ಮನನ್ನು ತಂದು ಕಣ್ಮುಂದೆ ನಿಲ್ಲಿಸಿದವು.

ಅವರು ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆಯವರು. ಆಯುಷ್ಯದ ಬಹುಪಾಲನ್ನು ಮಿಲಿಟರಿ ಆಸ್ಪತ್ರೆಗಳಲ್ಲಿ ಕಳೆದು, ನಿವೃತ್ತಿಯಾದ ಮೇಲೆ ಮಧುಗಿರಿ ಬೆಟ್ಟದ ಕೆಳಗಿನ ನಮ್ಮ ಬೀದಿಯಲ್ಲಿ ಮನೆ ಮಾಡಿದ್ದರು. ನಾನಾಗ ಹೈಸ್ಕೂಲಿನಲ್ಲಿ ಮೇಷ್ಟ್ರು. ಸಂಜೆ ಅವರ ಜಗಲಿಯ ಮೇಲೆ ಸಕ್ಕರೆ ಕಾಯಿಲೆಯವರು, ಕಾಲು ಹುಣ್ಣಾದವರು ಸಾಲಾಗಿ ಕೂತಿರುತ್ತಿದ್ದರು. ಎಲ್ಲರಿಗೂ ಬೈಗುಳ, ಎಲ್ಲರಿಗೂ ಬ್ಯಾಂಡೇಜು. "ಇಷ್ಟು ದಿನ ಏನು ಕತ್ತೆ ಕಾಯ್ತಿದ್ಯೇನ್ಲಾ, ಈಗ ಬಂದಿದೀಯ?" ಎಂದು ಗದರಿಸುತ್ತಲೇ ಗಾಯ ತೊಳೆಯುತ್ತಿದ್ದರು.

ಒಂದು ಸಲ ಗಡಿಯಲ್ಲಿ ಗಲಾಟೆ ಶುರುವಾಗಿ ಊರೂರಲ್ಲೂ ಜೈಕಾರ ಕೇಳುತ್ತಿದ್ದ ಕಾಲ. ಶಿರಾದ ಕಡಲೆಕಾಯಿ ಮಂಡಿಯ ಸಾಹುಕಾರನೊಬ್ಬ ಮಾಜಿ ಸೈನಿಕರಿಗೆ ಸನ್ಮಾನ ಇಟ್ಟುಕೊಂಡ. ನರ್ಸಮ್ಮನಿಗೂ ಕರೆ ಬಂತು. ಜೊತೆಗೆ ಬನ್ನಿ ಎಂದರು, ಹೋದೆ.

ಒಬ್ಬೊಬ್ಬರೂ ಮಾತಾಡಿದರು, ಚಪ್ಪಾಳೆ ಬಿತ್ತು. ನರ್ಸಮ್ಮನ ಸರದಿ ಬಂದಾಗ ಸಾಹುಕಾರ ಮೈಕು ಕೈಗೆ ಕೊಟ್ಟು, "ಶತ್ರುಗಳಿಗೆ ಹೆಂಗೆ ಬುದ್ಧಿ ಕಲಿಸಿದ್ರಿ, ಹೇಳಿ ತಾಯಿ" ಅಂದ.

"ನಾನು ಬುದ್ಧಿ ಕಲ್ಸಿಲ್ಲ ಕಣಪ್ಪ, ಬ್ಯಾಂಡೇಜು ಕಟ್ಟಿದೀನಿ" ಎಂದರು. ಜನ ನಕ್ಕರು. ಆಮೇಲೆ ಅವರು ಹೇಳಿದ್ದನ್ನು ಕೇಳಿ ಯಾರೂ ನಗಲಿಲ್ಲ.

ಯುದ್ಧದ ಸಮಯದಲ್ಲಿ ಅವರಿದ್ದ ಗಡಿ ಆಸ್ಪತ್ರೆಗೆ ನಮ್ಮ ಗಾಯಾಳುಗಳ ಜೊತೆ ಶತ್ರು ಸೈನಿಕನೊಬ್ಬನನ್ನೂ ಹೊತ್ತು ತಂದರಂತೆ. ಹೊಟ್ಟೆಗೆ ಗುಂಡು ಬಿದ್ದಿತ್ತು. ಇನ್ನೂ ಮೀಸೆ ಸರಿಯಾಗಿ ಮೂಡಿರದ ಹುಡುಗ. ಡಾಕ್ಟರು ನೋವಿನ ಇಂಜೆಕ್ಷನ್ ಬರೆದು ಬೇರೆ ಆಪರೇಷನ್‌ಗೆ ಹೋದರು. ಅಷ್ಟರಲ್ಲಿ ನಮ್ಮದೇ ಒಬ್ಬ ಅಧಿಕಾರಿ ವಾರ್ಡಿಗೆ ನುಗ್ಗಿ, ಇಂಜೆಕ್ಷನ್ ಕೊಡಬೇಡಿ ಎಂದ. ಕೊಟ್ಟರೆ ಇವನು ಮಲಗಿಬಿಡುತ್ತಾನೆ. ನಮ್ಮವರ ಮೇಲೆ ಗುಂಡು ಸುರಿಸುತ್ತಿರುವ ಅವರ ತೋಪು ಎಲ್ಲಿದೆ ಎಂದು ಮೊದಲು ಬಾಯಿ ಬಿಡಲಿ, ಆಮೇಲೆ ಕೊಡಿ. ನೋವಿದ್ದರೆ ಬೇಗ ಹೇಳುತ್ತಾನೆ.

"ನಾನು ಸಿರಿಂಜು ಹಿಡ್ಕೊಂಡು ನಿಂತಿದ್ದೆ" ಎಂದರು ನರ್ಸಮ್ಮ. "ಆ ಹುಡುಗ ನನ್ನ ಸೆರಗಂಚು ಹಿಡ್ಕೊಂಡಿದ್ದ. ನಾನು ಆ ಅಧಿಕಾರಿಗೆ ಹೇಳಿದೆ, ಇವನ ಕೈಲಿ ಬಂದೂಕ ಇದ್ದಾಗ ನೀವು ಹೊಡೆದ್ರಿ, ಸರಿ, ಅದು ಯುದ್ಧ. ಈಗ ಇವನು ನನ್ನ ವಾರ್ಡಿನ ರೋಗಿ, ಆಚೆ ಹೋಗಿ ಅಂತ. ಇಂಜೆಕ್ಷನ್ ಕೊಟ್ಬುಟ್ಟೆ."

ಹಿಂದಿನ ಸಾಲಿನಿಂದ ಒಬ್ಬ ಎದ್ದು, "ನಮ್ಮೋರು ಸತ್ರೆ ಯಾರ್ ಜವಾಬ್ದಾರಿ?" ಎಂದು ಕೂಗಿದ. ಮತ್ತೊಬ್ಬ ದೇಶದ್ರೋಹಿ ಎಂದ. ಆ ಮಾತು ಕುರ್ಚಿಯಿಂದ ಕುರ್ಚಿಗೆ ಹಾರಿತು. ಗಡಿಯನ್ನು ಟಿವಿಯಲ್ಲಿ ಬಿಟ್ಟು ಎಲ್ಲೂ ಕಾಣದವರು, ಗಾಯಾಳುಗಳ ನಡುವೆಯೇ ಬಾಳು ಸವೆಸಿದ ಹೆಂಗಸಿಗೆ ದೇಶಪ್ರೇಮದ ಪಾಠ ಹೇಳತೊಡಗಿದರು! ಸಾಹುಕಾರ ಮೈಕು ಕಿತ್ತುಕೊಂಡ. ಎಲ್ಲರಿಗೂ ಶಾಲು ಹೊದಿಸಿದರು. ಇವರದ್ದು ಮಡಿಕೆ ಬಿಚ್ಚದೆ ಮೇಜಿನ ಮೇಲೆಯೇ ಉಳಿಯಿತು.

ಆಗ ಮುಂದಿನ ಸಾಲಿನಿಂದ ಒಬ್ಬ ಮುದುಕ ಎದ್ದ. ಪಾವಗಡದ ತಿರುಮಣಿಯವನು, ಹೊಲವನ್ನೆಲ್ಲ ಸೋಲಾರ್ ವಿದ್ಯುತ್ ಪಾರ್ಕಿಗೆ ಕೊಟ್ಟವನು. ಅವನ ಮಗ ಸೈನ್ಯದಲ್ಲಿದ್ದ. ಗಾಯವಾಗಿ ಶತ್ರುಗಳ ಕಡೆ ಬಿದ್ದವನು ಮತ್ತೆ ಸಿಗಲೇ ಇಲ್ಲ. ಅದಕ್ಕಾಗಿಯೇ ಅವನನ್ನೂ ಸನ್ಮಾನಕ್ಕೆ ಕರೆಸಿದ್ದರು. ಈಗ ಇವನೂ ಬೈಯುತ್ತಾನೆಂದು ಜನ ಸುಮ್ಮನಾದರು.

"ಒಕ್ಕ ಮಾತು ಕೇಳ್ತೀನಮ್ಮಾ" ಎಂದು ಅರ್ಧ ತೆಲುಗಿನಲ್ಲಿ ಶುರುಮಾಡಿದ. "ಆ ಕಡೆ ಆಸ್ಪತ್ರೆಯಾಗೆ ನಿನ್ನಂಥೋಳು ಯಾರಾದ್ರೂ ಇದ್ದಿರ್ತಾಳಾ? ನಮ್ಮ ಹುಡುಗನಿಗೆ ಸೂಜಿ ಹಾಕಿರ್ತಾಳಾ?"

ನರ್ಸಮ್ಮ ವೇದಿಕೆಯಿಂದ ಇಳಿದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಗೊತ್ತಿಲ್ಲ ಕಣಪ್ಪ" ಎಂದರು. "ನಿಂಗೆ ಸುಳ್ಳು ಹೇಳಾಕಾಗಲ್ಲ. ಇದ್ದಿರ್ಲಿ ಅಂತ ಕೇಳ್ಕೊಂತೀನಿ."

ಮುದುಕ ಮಗುವಿನಂತೆ ಅತ್ತ. ಸಾಹುಕಾರ ಧ್ವನಿವರ್ಧಕದಲ್ಲಿ ಹಾಡು ಹಾಕಿಸಿದ.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಸಿಟ್ಟಿನಲ್ಲಿ ಆ ಅಧಿಕಾರಿಯನ್ನೂ ಸೇರಿಸಿ ಎಲ್ಲರನ್ನೂ ಬೈದೆ. ನರ್ಸಮ್ಮ ತಡೆದರು. "ಆ ಅಧಿಕಾರಿ ಕೆಟ್ಟೋನಲ್ಲ ಮೇಷ್ಟ್ರೇ. ಅವನ ಹುಡುಗರು ಗುಡ್ಡದ ಮ್ಯಾಲೆ ತೋಪಿಗೆ ಎದೆ ಕೊಟ್ಟು ಕೂತಿದ್ರು. ಆಮೇಲೆ ಎಷ್ಟು ಜನ ಸತ್ರೋ ನಂಗೆ ಗೊತ್ತಿಲ್ಲ. ಆ ಯೋಚ್ನೆ ಬರ್ದೇ ಇದ್ದ ದಿನ ಇಲ್ಲ. ಆದ್ರೂ ಇನ್ನೊಂದ್ಸಲ ಅಂಗೇ ಆದ್ರೆ ಇಂಜೆಕ್ಷನ್ ಕೊಡ್ತೀನಿ. ಇವತ್ತು ಬೇಕು ಅಂತ ಒಬ್ಬನ್ನ ನರಳಿಸಿದ್ರೆ, ನಾಳೆ ಇನ್ನೇನು ಬೇಕು ಅಂತಾರೋ!"

"ಆ ಹುಡುಗ ಏನಾದ?"

"ಆಪರೇಷನ್ ಆಯ್ತು, ಉಳ್ಕಂಡ. ಬೇರೆ ಆಸ್ಪತ್ರೆಗೆ ಸಾಗಿಸಿದ್ರು. ಆಮೇಲೆ ತಿಳೀಲಿಲ್ಲ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು...

ಗಾಯಗೊಂಡು ಶಸ್ತ್ರ ಬಿಟ್ಟವನನ್ನು ಹಿಂಸಿಸಬಾರದು, ಶುಶ್ರೂಷೆ ಮಾಡಬೇಕು ಎಂಬುದು ಆಯಮ್ಮನ ಮನೆಯ ಕಾನೂನೇನಲ್ಲ. ಲೋಕದ ದೇಶಗಳೆಲ್ಲ ಜಿನೀವಾದಲ್ಲಿ ಒಪ್ಪಿ, ನಮ್ಮ ದೇಶವೂ ಸಹಿ ಹಾಕಿದ ಮಾತು. ಯುದ್ಧಕ್ಕೆ ಅಗತ್ಯವೆಂದು ಎಷ್ಟು ದೂರವಾದರೂ ಹೋಗಬಹುದು ಎಂದಾಗಿದ್ದರೆ ಆ ಒಪ್ಪಂದ ಯಾಕೆ ಬೇಕಿತ್ತು? ಶಿರಾದಲ್ಲಿ ಕೂಗಿದವರಿಗೆ ಆಮೇಲೊಮ್ಮೆ ಇದನ್ನು ಹೇಳಲು ಹೋದರೆ ನನ್ನನ್ನೂ ದೇಶದ್ರೋಹಿ ಎಂದರು.

ಮಾತು ಮಧುಗಿರಿಗೂ ಬಂತು. ಜಗಲಿ ಖಾಲಿಯಾಯಿತು. ಅವರ ಕೈಯಿಂದಲೇ ಕಾಲು ಉಳಿಸಿಕೊಂಡವರು ಬೀದಿಯ ಆಚೆ ಬದಿಯಲ್ಲಿ ನಡೆದು ಹೋಗತೊಡಗಿದರು. ಕೆಲವು ಯುವಕರು ಬಂದು, ನೀವು ಜನರ ಕ್ಷಮೆ ಕೇಳಿ, ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ, ಎಲ್ಲ ಸರಿಹೋಗುತ್ತೆ ಎಂದರು. "ತಪ್ಪು ಮಾಡಿದ್ರೆ ಕೇಳ್ತಿದ್ದೆ ಕಣ್ರಪ್ಪಾ, ಮಾಡಿಲ್ವಲ್ಲ" ಎಂದು ನರ್ಸಮ್ಮ ಬಾಗಿಲು ಹಾಕಿಕೊಂಡರು. ಆದರೆ ಮರುದಿನ ಸಂಜೆಯೂ ಬಿಸಿನೀರು ಕಾಯಿಸಿಟ್ಟು ಜಗಲಿಯಲ್ಲಿ ಕೂತಿದ್ದರು. ಯಾರೂ ಬರಲಿಲ್ಲ.

ಅವರು ಹೋಗಿ ಒಂದು ವರ್ಷವಾಯಿತು. ಕೊಳಾಲದ ಅವರ ಹೊಲದಲ್ಲಿ ಮಣ್ಣು ಮಾಡಿದಾಗ ಸನ್ಮಾನದವರಲ್ಲಿ ಒಬ್ಬನೂ ಬರಲಿಲ್ಲ. ತಿರುಮಣಿಯ ಮುದುಕ ಮಾತ್ರ ಎರಡು ಬಸ್ಸು ಬದಲಿಸಿ ಬಂದು, ಒಂದು ಹಿಡಿ ಮಣ್ಣು ಹಾಕಿ ಹೋದ.

ಈ ವಾರ ಶಿರಾಕ್ಕೆ ಹೋದಾಗ ಸರ್ಕಲ್ಲಿನಲ್ಲಿ ದೊಡ್ಡ ಫ್ಲೆಕ್ಸ್ ಕಂಡಿತು. ಅದೇ ಸಾಹುಕಾರ ಕೈಮುಗಿದು ನಿಂತಿದ್ದಾನೆ. ಪಕ್ಕದಲ್ಲಿ ಯೂನಿಫಾರ್ಮ್ ತೊಟ್ಟ ನರ್ಸಮ್ಮ, 'ನಮ್ಮ ನಾಡಿನ ವೀರ ಯೋಧೆ' ಎಂಬ ಬರಹ. ಬದುಕಿದ್ದಾಗ ಬೇಡವಾದವರು ಸತ್ತ ಮೇಲೆ ಬೇಕಾಗಿದ್ದರು. ಅಷ್ಟೇ ಆಗಿದ್ದರೆ ಹಲ್ಲು ಕಚ್ಚಿ ಹೋಗುತ್ತಿದ್ದೆನೇನೋ. ಅವರ ಕೈಗೆ ಒಂದು ಬಂದೂಕನ್ನು ಅಂಟಿಸಿದ್ದರು.

ಫ್ಲೆಕ್ಸ್ ಅಂಗಡಿ ಹುಡುಕಿಕೊಂಡು ಹೋಗಿ ಜಗಳವಾಡಿದೆ. "ಸುಮ್ನೆ ನಿಂತಿದ್ರೆ ಚೆನ್ನಾಗಿ ಕಾಣಲ್ಲ ಸಾರ್, ಅದಕ್ಕೇ ಹಾಕಿದ್ವಿ" ಎಂದ ಅಂಗಡಿಯವನು. ಅವನಿಗೆ ಎಲ್ಲಿಂದ ಶುರುಮಾಡಿ ಏನು ಹೇಳಲಿ? ಹೇಳಬೇಕಾದವರು ಕೊಳಾಲದ ಮಣ್ಣಿನಲ್ಲಿದ್ದಾರೆ. ಆದರೂ ಆ ಬಂದೂಕು ತೆಗೆಯುವವರೆಗೆ ಏಳುವುದಿಲ್ಲವೆಂದು ಅವನ ಎದುರಿಗೇ ಸ್ಟೂಲು ಎಳೆದುಕೊಂಡು ಕೂತೆ.