ಒಂದೇ ಕಡೆ ಸವೆದ ಪೊರಕೆ

ನನ್ನ ಮೊಮ್ಮಗಳಿಗೆ ಸೋಂಪುರದ ಕಾರ್ಖಾನೆಯೊಂದರ ಅಂಗಳ ಗುಡಿಸುವ ಗುತ್ತಿಗೆ ಸಿಕ್ಕಿತು! ಅವಳದೇ ಹೆಸರಿಗೆ! ನಾನು ಓದಿದ್ದು ಎರಡನೇ ಕ್ಲಾಸು, ಬರೆಯಲು ಕೂತರೆ ಅಕ್ಷರ ಓರೆಯಾಗಿ ಓಡುತ್ತವೆ. ಆದರೂ ಇದನ್ನು ಬರೆಯದೆ ಇರಲಾರೆ.

ಮನೆಯಲ್ಲಿ ತೋಟ ಉಳುವ ಪುಟ್ಟ ಟ್ರ್ಯಾಕ್ಟರ್ ಇತ್ತು. ಅದರ ಹಿಂದೆ ಸಿಕ್ಕಿಸುವ ತಿರುಗುವ ಪೊರಕೆ ಬೇಕಿತ್ತು. ಉದ್ದನೆಯ ಕಬ್ಬಿಣದ ಕೊಳವೆಗೆ ಪ್ಲಾಸ್ಟಿಕ್ ಎಳೆಯ ಬಳೆಗಳನ್ನು ಸಾಲಾಗಿ ತೊಡಿಸಿರುತ್ತಾರೆ, ಅದು ಗಿರಗಿರ ತಿರುಗಿ ಕಸ ತಳ್ಳುತ್ತದೆ. ಸೋಮವಾರಕ್ಕೆ ಪೊರಕೆ ಸಿಗದಿದ್ದರೆ ಕೆಲಸ ಬೇರೆಯವರ ಪಾಲು. ರಾಜಘಟ್ಟದಲ್ಲಿ ಒಬ್ಬರ ಹತ್ತಿರ ಹಳೆಯದಿದೆ ಎಂದು ಗೊತ್ತಾಗಿ ಶನಿವಾರ ಹೊರಟೆವು. ಅವಳು ಟ್ರ್ಯಾಕ್ಟರ್ ಓಡಿಸಿದಳು, ನಾನು ಮಡ್‌ಗಾರ್ಡ್ ಮೇಲೆ.

ಮಾರುವವನು ಬಾಯಿ ತುಂಬ ನಕ್ಕ. ಅಲ್ಲೇ ನನಗೆ ಅನುಮಾನ ಬಂತು. ಕೊಳವೆಯ ಕೆಂಪು ಬಣ್ಣ ಬೆರಳಿಗೆ ಅಂಟಿತು.

“ಇದ್ಯಾಕಪ್ಪಾ, ನೆನ್ನೆ ಮದುವೆ ಆಯ್ತಾ ಇದಕ್ಕೆ?”

“ತುಕ್ಕು ಹಿಡೀಬಾರ್ದು ಅಂತ ಹೊಡೆದೆ ಅಜ್ಜಿ. ಛತ್ರದ ಮುಂದೆ ನಾಕು ಸಲ ಓಡೈತೆ, ಅಷ್ಟೇ.”

ನಾಕು ಸಲಕ್ಕೆ ಎಳೆ ಇಷ್ಟು ಮೋಟಾಗುತ್ತದೆಯೇ? ಅದೂ ಬಲಗಡೆ ಮಾತ್ರ, ಎಡಗಡೆ ಹೊಸದರ ಹಾಗೇ ಇದೆ. ಮನೆಯ ಪೊರಕೆ ಒಂದು ಕಡೆ ಸವೆಯುವುದು ಹಿಡಿದ ಕೈಯಿಂದ. ಸವೆತ ನೋಡಿಯೇ ಗುಡಿಸಿದ್ದು ಸೊಸೆಯೋ ನಾನೋ ಹೇಳಬಲ್ಲೆ. ಈ ಪೊರಕೆಗೆ ಕೈಯೇ ಇಲ್ಲವಲ್ಲ! ಕೊಳವೆ ಸೊಟ್ಟಗಾಗಿದೆ, ಅದನ್ನು ಮುಚ್ಚಲು ಬಣ್ಣ ಬಳಿದಿದ್ದಾನೆ ಅಂದುಕೊಂಡೆ.

ಮೊಮ್ಮಗಳು ಪೊರಕೆಯನ್ನು ಸಿಕ್ಕಿಸಿ, ಮೇಲೆತ್ತಿ, ಎಂಜಿನ್ ನಿಲ್ಲಿಸಿದಳು. ನಾನು ಬಳೆಗಳ ಸಂದಿಯಲ್ಲಿ ತೆಂಗಿನ ಕಡ್ಡಿಯನ್ನು ಕೊಳವೆಗೆ ತಾಗಿಯೂ ತಾಗದ ಹಾಗೆ ಹಿಡಿದೆ. ಅವಳು ಕೈಯಿಂದ ನಿಧಾನ ತಿರುಗಿಸಿದಳು. ಸೊಟ್ಟಗಿದ್ದರೆ ಸುತ್ತಿಗೊಮ್ಮೆ ತಾಗಬೇಕಿತ್ತು. ತಾಗಲಿಲ್ಲ.

“ನೋಡಿದ್ರಾ? ನೆಟ್ಟಗೈತೆ,” ಅಂದ ಅವನು.

“ಹಂಗಾದ್ರೆ ಈ ಕಡೆ ಯಾರು ತಿಂದ್ರು, ಹೆಗ್ಗಣವಾ?”

ಮೊಮ್ಮಗಳು ಬಗ್ಗಿ, ಪೊರಕೆಯ ಭಾರ ಹೊರುವ ಎರಡು ಪುಟ್ಟ ಚಕ್ರಗಳನ್ನು ನೋಡಿದಳು. “ಅಜ್ಜಿ, ಬಲಗಡೆ ಚಕ್ರಾನ ಎರಡು ತೂತು ಮೇಲಕ್ಕೆ ಏರಿಸವ್ರೆ. ಅದಕ್ಕೇ ಈ ಕಡೆ ಕುಸಿದು ನೆಲಕ್ಕೆ ಉಜ್ಜೈತೆ.”

ಅವನು ತಲೆ ಕೆರೆದುಕೊಂಡ. “ನಾನೇ ಏರಿಸಿದ್ದು. ಒಂದು ಕಡೆ ಒತ್ತಿದ್ರೆ ಚೆನ್ನಾಗಿ ಗುಡಿಸುತ್ತೆ ಅನ್ಕೊಂಡೆ.”

“ನೀನು ಯಾವತ್ತಾದ್ರೂ ಪೊರಕೆ ಹಿಡಿದಿದ್ದೀಯೇನಪ್ಪಾ?”

ಅವನು ಅಟ್ಟದಿಂದ ಹೊಸ ಬಳೆಗಳನ್ನು ಇಳಿಸಿ ಬಲಗಡೆಗೆ ಹಾಕಿದ, ಚಕ್ರ ಸಮ ಮಾಡಿದ. ಆದರೂ ನಾನು ಬಿಡಲಿಲ್ಲ. ಅವರ ಮನೆಯಿಂದಲೇ ರಂಗೋಲಿ ಪುಡಿ ಕೇಳಿ ಸಿಮೆಂಟ್ ನೆಲದ ಮೇಲೆ ಚೆಲ್ಲಿದೆ. ಮೊಮ್ಮಗಳು ಪೊರಕೆ ಇಳಿಸಿ, ನಿಂತಲ್ಲೇ ಒಂದು ಗಳಿಗೆ ತಿರುಗಿಸಿ ಎತ್ತಿದಳು. ಬಿಳಿ ಪುಡಿಯ ನಡುವೆ ನೆಲ ಪಟ್ಟಿಯಾಗಿ ಕಂಡಿತು, ಈ ತುದಿಯಿಂದ ಆ ತುದಿಗೆ ಒಂದೇ ಅಗಲ.

“ತಗೋ ಮಗಳೇ,” ಅಂದೆ.

ಮನೆ ಮುಟ್ಟುವಾಗ ಸೊಸೆ ದೀಪ ಹಚ್ಚಿಯಾಗಿತ್ತು. ಮಗ ಅಂಗಳಕ್ಕೆ ಓಡಿಬಂದು, “ಒಂದು ರೌಂಡ್ ಹೊಡಿ, ನೋಡಾನ,” ಅಂದ. ನಾನು ಅಡ್ಡ ನಿಂತೆ.

“ದೀಪ ಹಚ್ಚಿದ್ಮೇಲೆ ಪೊರಕೆ ಮುಟ್ಟಬಾರ್ದು.”

“ಅಜ್ಜೀ, ಇದು ಮಿಷನ್ನು!”

“ಪೊರಕೆ ಪೊರಕೇನೇ. ಕೈ ತೊಳ್ಕೊಂಡು ಬನ್ನಿ.”

ನಾಲ್ಕೂ ಜನ ಸಾಲಾಗಿ ಕೂತು ಮುದ್ದೆ, ಅವರೆಕಾಳು ಸಾರು ಉಂಡೆವು. ಪೊರಕೆ ಕಣ್ಣಿಗೆ ಕಾಣುತ್ತಿರಲಿ ಎಂದು ಬಾಗಿಲು ಹಾಕಲು ನಾನು ಬಿಡಲಿಲ್ಲ.