ಸಿಹಿ ವಾಸನೆಯ ಗಂಟು

ದಾಸರಹಳ್ಳಿಯ ಬಾವಿಕಟ್ಟೆಯ ಬಳಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಕಲ್ಲಿನ ಮೇಲೆ ಕುಳಿತ ಶರಣವ್ವ, ಗೋಣಿಚೀಲದಿಂದ ಹೊರಗೆ ಸುರಿದ ಬಟ್ಟೆಚೂರುಗಳಲ್ಲಿ ಒಂದನ್ನು ಎರಡೂ ಅಂಗೈಗಳ ನಡುವೆ ಒತ್ತಿ ಮೂಗಿನ ಹತ್ತಿರ ತರುತ್ತಾರೆ. ಬೆರಳಲ್ಲಿ ಹಿಡಿಯುವ ಶಕ್ತಿ ಅವರಿಗಿಲ್ಲ. ಮೂಸಿ ನೋಡಿ ಎಡಕ್ಕೋ ಬಲಕ್ಕೋ ಹಾಕುತ್ತಾರೆ. ಬಲಗಡೆಯ ಗುಡ್ಡೆ ತಂಗಿ ಕಾಶವ್ವ ಒಗೆಯುವುದಕ್ಕೆ. ಎಡಗಡೆಯದನ್ನು ಕಾಶವ್ವ ಮುಟ್ಟುವಂತಿಲ್ಲ, ಅದು ಅಕ್ಕನ ಅಪ್ಪಣೆ.

ಪೀಣ್ಯದ ಕಾರ್ಖಾನೆಗಳಲ್ಲಿ ಮೆಷಿನ್ ಒರೆಸಿದ ಬಟ್ಟೆಗೆ ಇಲ್ಲಿ ‘ವೇಸ್ಟ್’ ಎಂದು ಹೆಸರು. ಹೆಸರಷ್ಟೇ, ಅದನ್ನು ಯಾರೂ ಬಿಸಾಡುವುದಿಲ್ಲ. ಸೋಡಾ ಹಾಕಿ ಕುದಿಸಿ, ತುಳಿದು, ಒಗೆದು ಒಣಗಿಸಿದರೆ ಮತ್ತೆ ಅದೇ ಕಾರ್ಖಾನೆಗೆ ಹೋಗುತ್ತದೆ. ಆಳಂದದ ಕಡೆಯಿಂದ ಎಪ್ಪತ್ತೈದನೇ ಇಸವಿಯಲ್ಲಿ ಬಂದ ಈ ಅಕ್ಕತಂಗಿಯರು ಅಂದಿನಿಂದ ಮಾಡುತ್ತಿರುವುದು ಇದೊಂದೇ ಕೆಲಸ.

“ಎಲ್ಲಾ ವೇಸ್ಟ್ ಒಂದೇ ನಮೂನಿ ಇರಂಗಿಲ್ರೀ,” ಎನ್ನುತ್ತಾರೆ ಶರಣವ್ವ. “ಕೆಲವಕ್ಕ ಸೀ ವಾಸನಿ ಇರ್ತದ. ಅದರಾಗಿನ ಜಿಡ್ಡು ಮೊದಲೇ ಬಿಟ್ಟಿರ್ತದ, ಲಗೂನ ಒಗದು ಮುಗೀತದ. ನಾ ಹಿರೀಕಿ ಅಂತ ಆ ಹಗೂರ ಗಂಟು ನಾನೇ ತಗೋತಿದ್ದೆ. ಕರೀ ಎಣ್ಣೀದು ಈಕಿಗಿ.”

ಎರಡು ವರ್ಷದ ಹಿಂದೆ ಹಿಂಡುವಾಗ ಬಟ್ಟೆ ಶರಣವ್ವನ ಕೈಯಿಂದ ಜಾರಿತು. ಆಮೇಲೆ ನಡೆಯುವಾಗ ಕಾಲಿನ ಚಪ್ಪಲಿ ಗೊತ್ತಿಲ್ಲದೆ ಕಳಚಿ ಬೀಳತೊಡಗಿತು. ಈಗ ಹೆಬ್ಬೆರಳಿನ ಬುಡದ ಮಾಂಸ ಕರಗಿ ಹಳ್ಳ ಬಿದ್ದಿದೆ. ಸುಮ್ಮನೆ ಕುಳಿತಾಗಲೂ ತೋಳಿನ ಚರ್ಮದಡಿ ಏನೋ ಪಟಪಟ ಅದುರುತ್ತಿರುತ್ತದೆ. ತಲೆ ಬಾಚುವುದು, ರೊಟ್ಟಿ ಮುರಿದು ತಿನ್ನಿಸುವುದು ಎಲ್ಲ ಕಾಶವ್ವನದೇ. ಕರೀ ಎಣ್ಣೆಯಲ್ಲಿ ಕೈಯಾಡಿಸಿದ ಕಾಶವ್ವ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ.

ವೇಸ್ಟ್ ಕಳಿಸುವ ಕಾರ್ಖಾನೆಯೊಂದರ ಮ್ಯಾನೇಜರನ್ನು ಹೋಗಿ ಕೇಳಿದೆ, ಆ ಸಿಹಿ ವಾಸನೆ ಯಾವುದರದು ಎಂದು. “ನಮ್ಮಲ್ಲಿ ಯಾರಿಗೂ ಯಾವ ಕಾಯಿಲೇನೂ ಬಂದಿಲ್ಲ ಕಣ್ರೀ,” ಎಂದರು. ಕಾಯಿಲೆಯ ಮಾತನ್ನೇ ನಾನು ಎತ್ತಿರಲಿಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಬಾವಿಯ ಯಜಮಾನ ಮುನಿಕೃಷ್ಣಪ್ಪನವರ ಗುಮಾನಿಯೇ ಬೇರೆ. “ಇವ್ರು ಒಗ್ದೂ ಒಗ್ದೂ ನನ್ ಬಾವಿ ಕೆಡ್ಸವ್ರೆ ಸಾಮಿ. ನಮ್ ಎಮ್ಮೆ ಈ ನೀರು ಮೂಸ್ಬುಟ್ಟು ಇಂದಕ್ ಓಯ್ತದೆ,” ಎನ್ನುತ್ತಾರೆ. ಬಾವಿಯ ಆಚೆ ಇರುವ ಸ್ವಂತ ಜಾಗವನ್ನು ಕಬ್ಬಿಣಕ್ಕೆ ಹೊಳಪು ಕೊಡುವ ಶೆಡ್ಡಿಗೆ ಬಾಡಿಗೆಗೆ ಬಿಟ್ಟಿರುವುದನ್ನು ಮಾತ್ರ ಅವರು ಹೇಳಲಿಲ್ಲ. ಆ ಶೆಡ್ಡಿನ ಹಸಿರು ನೀರು ಎಲ್ಲಿಗೆ ಹರಿಯುತ್ತದೆ ಎಂದು ಕೇಳಿದ್ದಕ್ಕೆ ಎಮ್ಮೆಗೆ ಹುಲ್ಲು ಹಾಕಲು ಎದ್ದು ಹೋದರು.

ದೊಡ್ಡಾಸ್ಪತ್ರೆಯ ಡಾಕ್ಟರು ಇವರಿಬ್ಬರಿಗಿಂತ ಪ್ರಾಮಾಣಿಕರು. ಸ್ನಾಯುಗಳಿಗೆ ಹೋಗುವ ನರಗಳು ಸೊರಗಿವೆ, ಇದಕ್ಕೆ ಮದ್ದಿಲ್ಲ ಎಂದು ನೇರವಾಗಿ ಹೇಳಿದ್ದಾರೆ. ಕಾರಣ ಬಟ್ಟೆಯಲ್ಲಿನ ರಾಸಾಯನಿಕ ಇರಬಹುದು, ನೀರಿರಬಹುದು, ಹುಟ್ಟಿನಿಂದಲೇ ರಕ್ತದಲ್ಲಿ ಬಂದಿರಲೂಬಹುದು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಅವರು ಕೇಳಿದಾಗ ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರಂತೆ. ಇವರ ತಾಯಿಯೂ ಕಡೆಯ ದಿನಗಳಲ್ಲಿ ಎದ್ದು ನಡೆದವರಲ್ಲ. ಯಾಕೆಂದು ಆಗ ಯಾರೂ ಕೇಳಿರಲಿಲ್ಲ.

ನನಗಂತೂ ಆ ಸಿಹಿ ವಾಸನೆಯ ಮೇಲೇ ಅನುಮಾನ. ಕಾಶವ್ವನಿಗೆ ಯಾವ ಅನುಮಾನವೂ ಇಲ್ಲ. “ಬರೋದಿದ್ರ ಬರ್ತದ ಬಿಡ್ರೀ. ಹಗೂರ ಗಂಟು ಬಿಟ್ಟು ಎಣ್ಣೀದೇ ತಿಕ್ಕಂತ ಕುಂತ್ರ ಹೊತ್ತು ಮುಣಗ್ತದ,” ಎಂದು ಎಡಗಡೆಯ ಗುಡ್ಡೆಗೆ ಕೈ ಚಾಚುತ್ತಾರೆ.

“ಮುಟ್ಟಬ್ಯಾಡ!” ಶರಣವ್ವನ ದನಿ ಏರುತ್ತದೆ. ಮೈಯಲ್ಲಿ ಉಳಿದಿರುವ ಬಲವೆಲ್ಲ ಆ ದನಿಯಲ್ಲೇ ಇದೆ. ಕಾಶವ್ವ ಗೊಣಗುತ್ತಲೇ ಕೈ ಹಿಂದಕ್ಕೆ ತೆಗೆದುಕೊಂಡು ನೀರು ಸೇದಲು ಹೋಗುತ್ತಾರೆ.

ಇದು ವಿಷವೇ ಅಂತ ನಿಮಗೂ ಅನ್ನಿಸುತ್ತದಾ ಎಂದು ಶರಣವ್ವನನ್ನು ಕೇಳುತ್ತೇನೆ. ಅವರು ತಂಗಿಯ ಕಡೆ ನೋಡುತ್ತ ದನಿ ತಗ್ಗಿಸುತ್ತಾರೆ.

“ವಿಷಾನೇ ಇರ್ಲಿ ಅಂತ ದಿನಾ ದೇವರಿಗಿ ಬೇಡ್ಕೋತೀನ್ರೀ. ವಿಷ ಆದ್ರ ಆಕಿ ಉಳೀತಾಳ, ನಾ ಮುಟ್ಟಗೊಡಂಗಿಲ್ಲ. ರಕ್ತದಾಗ ಬಂದಿದ್ದಾದ್ರ, ನಾ ಆಕೀನ ಹ್ಯಾಂಗ ಕಾಯ್ಲಿ?”